ಜಲವರ್ಣದ ಮೂರು ತೆಳುಪದರಗಳು: ಗಮ್ ಬೈಕ್ರೋಮೇಟ್ ಮುದ್ರಣದ ಕೆಲಸದ ದಾಖಲೆ

ಗೋಂದಿನ ದ್ರಾವಣಕ್ಕೆ ಜಲವರ್ಣವನ್ನೂ ಪೊಟ್ಯಾಸಿಯಂ ಡೈಕ್ರೋಮೇಟನ್ನೂ ಬೆರೆಸಿ ಕಾಗದಕ್ಕೆ ಬಳಿದು ಒಣಗಿಸಿ, ಅದರ ಮೇಲೆ ಚಿತ್ರದ ಅಳತೆಯದೇ ನೆಗೆಟಿವ್ ಇಟ್ಟು ಅತಿನೇರಳೆ ಬೆಳಕಿಗೆ ಒಡ್ಡಿದರೆ, ಬೆಳಕು ತಗುಲಿದಲ್ಲಿ ಗೋಂದು ನೀರಿಗೆ ಕರಗದಷ್ಟು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಬೆಳಕು ತಗುಲದಲ್ಲಿ ಬಣ್ಣದ ಸಮೇತ ತೊಳೆದುಹೋಗುತ್ತದೆ. ಛಾಯಾಚಿತ್ರ ಮುದ್ರಿಸುವ ಈ ಹಳೆಯ ವಿಧಾನವೇ ಗಮ್ ಬೈಕ್ರೋಮೇಟ್; ಬೈಕ್ರೋಮೇಟ್ ಎಂಬುದು ಡೈಕ್ರೋಮೇಟಿನ ಹಳೆಯ ಹೆಸರು. ಡೈಕ್ರೋಮೇಟ್ ಸವರಿದ ಕಾಗದವು ಬೆಳಕಿಗೆ ಬಣ್ಣ ಬದಲಿಸುತ್ತದೆಂಬುದನ್ನು ಸ್ಕಾಟ್ಲೆಂಡಿನ ಮಂಗೊ ಪಾಂಟನ್ 1839ರಲ್ಲಿ ತಿಳಿಸಿದರು. ಫ್ರಾನ್ಸಿನ ಅಲ್ಫೋನ್ಸ್ ಪೊಯಿಟೆವಿನ್ 1855ರಲ್ಲಿ ಅದಕ್ಕೆ ಅಂಟನ್ನೂ ವರ್ಣದ್ರವ್ಯವನ್ನೂ ಕೂಡಿಸಿದ ವಿಧಾನಕ್ಕೆ ಪೇಟೆಂಟ್ ಪಡೆದರು. 1890ರ ದಶಕದಲ್ಲಿ ಪ್ಯಾರಿಸ್ಸಿನ ರೋಬರ್ ಡೆಮಾಶಿ ಮತ್ತು ವಿಯೆನ್ನಾದ ಕ್ಯಾಮೆರಾ ಕ್ಲಬ್ಬಿನ ಹೈನ್ರಿಶ್ ಕ್ಯೂನ್, ಹ್ಯೂಗೊ ಹೆನ್ನೆಬರ್ಗ್, ಹಾನ್ಸ್ ವಾಟ್ಸೆಕ್ ಅವರ ಕೈಯಲ್ಲಿ ಈ ವಿಧಾನ ನಿಜವಾಗಿ ಅರಳಿತು. ವಿಯೆನ್ನಾ ಕ್ಲಬ್ಬಿನ ಈ ಮೂವರು ಒಂದೇ ಹಾಳೆಯ ಮೇಲೆ ಪದರದ ಮೇಲೆ ಪದರ ಮುದ್ರಿಸುತ್ತಿದ್ದರು, ಮತ್ತು ಅವರು ಹಾಗೆ ಮಾಡಿದ್ದೇಕೆ ಎಂಬುದು ಈ ಕೆಲಸ ಮಾಡುವಾಗಲೇ ನನಗೆ ಚೆನ್ನಾಗಿ ಮನದಟ್ಟಾಯಿತು.

ನಾನು ಆರಿಸಿಕೊಂಡದ್ದು ಕಿಟಕಿಯ ಪಕ್ಕದಲ್ಲಿಟ್ಟ ಮಣ್ಣಿನ ಹೂಜಿ ಮತ್ತು ಅದರ ಕೆಳಗಿನ ಮಡಿಕೆಬಿದ್ದ ಬಟ್ಟೆಯ ಕಪ್ಪು-ಬಿಳುಪು ಚಿತ್ರ. ಹೂಜಿಯ ಭುಜದ ಮೇಲೆ ಬಿಳಿಗೆ ಬಿಳಿಯಾದ ಹೊಳಪಿದೆ, ಬಟ್ಟೆಯ ಮಡಿಕೆಗಳ ಒಳಗೆ ಗಾಢ ಕತ್ತಲೆಯಿದೆ, ಎರಡರ ನಡುವೆ ನಿಧಾನವಾಗಿ ಇಳಿಯುವ ಬೂದುಛಾಯೆಗಳಿವೆ. ಚಿತ್ರದ ಅಳತೆ 20×25 ಸೆಂ.ಮೀ., ಹಾಳೆಯ ಅಳತೆ 28×35 ಸೆಂ.ಮೀ. ಮುದ್ರಣ ಈಗ ಮುಗಿದಿದೆ. ಮಾಡಿದ ಕ್ರಮದಲ್ಲೇ, ಕೆಟ್ಟ ಹಾಳೆಗಳ ವಿವರದೊಂದಿಗೆ ಇಲ್ಲಿ ಬರೆಯುತ್ತಿದ್ದೇನೆ.

1. ಸಾಮಗ್ರಿ ಮತ್ತು ಎಚ್ಚರಿಕೆ

ಬೇಕಾದ ವಸ್ತುಗಳು ಇಷ್ಟು: ಚದರ ಮೀಟರಿಗೆ 300 ಗ್ರಾಂ ತೂಕದ, ನಯವಾದ ಮೈಯ ಹತ್ತಿಕಾಗದ, ಗಮ್ ಅರೇಬಿಕ್ ಎಂಬ ಗೋಂದು, ಪೊಟ್ಯಾಸಿಯಂ ಡೈಕ್ರೋಮೇಟ್, ಟ್ಯೂಬಿನ ಜಲವರ್ಣ, ಜೆಲಾಟಿನ್, ಅದನ್ನು ಗಟ್ಟಿಗೊಳಿಸುವ ಗ್ಲೈಆಕ್ಸಾಲ್, ಕೊನೆಯ ತೊಳೆತಕ್ಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಸಲಕರಣೆಗಳಲ್ಲಿ 0.1 ಗ್ರಾಂವರೆಗೆ ತೂಗುವ ತಕ್ಕಡಿ, 5 ಮಿ.ಲೀ. ಸಿರಿಂಜುಗಳು, ಮೂರು ಟ್ರೇಗಳು, 7 ಸೆಂ.ಮೀ. ಅಗಲದ ಎರಡು ಮೆತ್ತನೆಯ ಬ್ರಶ್‌ಗಳು, ನೆಗೆಟಿವನ್ನು ಕಾಗದಕ್ಕೆ ಒತ್ತಿಹಿಡಿಯುವ ದಪ್ಪ ಗಾಜಿನ ಕಾಂಟ್ಯಾಕ್ಟ್ ಫ್ರೇಮ್, ಅತಿನೇರಳೆ ಟ್ಯೂಬ್‌ಲೈಟುಗಳ ಪೆಟ್ಟಿಗೆ.

ಡೈಕ್ರೋಮೇಟಿನ ವಿಷಯದಲ್ಲಿ ಸ್ವಲ್ಪವೂ ಸಡಿಲಿಕೆ ಸಲ್ಲದು. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಚರ್ಮಕ್ಕೆ ಪದೇ ಪದೇ ತಗುಲಿದರೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದ ಅಲರ್ಜಿ ಹೋಗುವುದಿಲ್ಲ. ಪುಡಿಯನ್ನು ತೂಗುವಾಗ ಮಾಸ್ಕ್, ಕನ್ನಡಕ, ನೈಟ್ರೈಲ್ ಕೈಗವಸು ಮೂರೂ ಇರಬೇಕು. ಫ್ಯಾನ್ ಆರಿಸಿರಬೇಕು, ಮೇಜಿಗೆ ಒದ್ದೆ ಕಾಗದ ಹಾಸಿರಬೇಕು. ನಾನು ಪುಡಿಯ ಡಬ್ಬಿಯನ್ನು ಒಮ್ಮೆ ಮಾತ್ರ ತೆರೆದು, ಬೇಕಾದಷ್ಟು ದ್ರಾವಣವನ್ನು ಒಟ್ಟಿಗೆ ಮಾಡಿಟ್ಟುಕೊಂಡೆ. ಅಪಾಯ ಹೆಚ್ಚಿರುವುದು ಹಾರುವ ಪುಡಿಯಲ್ಲಿ. ಈ ಕೆಲಸಕ್ಕೆ ಬಳಸಿದ ಸಿರಿಂಜು, ಟ್ರೇ, ಬ್ರಶ್ ಯಾವುದೂ ಮತ್ತೆ ಬೇರೆ ಬಳಕೆಗೆ ಹೋಗಬಾರದು.

2. ಕಾಗದವನ್ನು ಕುಗ್ಗಿಸುವುದು

ಒಂದಕ್ಕಿಂತ ಹೆಚ್ಚು ಪದರ ಮುದ್ರಿಸುವುದಾದರೆ ಕಾಗದ ಪ್ರತಿ ಸಲವೂ ಒದ್ದೆಯಾಗಿ ಒಣಗುತ್ತದೆ. ಹೊಸ ಕಾಗದ ಮೊದಲ ಸಲ ಒಣಗಿದಾಗ ಕುಗ್ಗುತ್ತದೆ, ಆದ್ದರಿಂದ ಎರಡನೆಯ ಪದರದ ಹೊತ್ತಿಗೆ ನೆಗೆಟಿವ್ ಚಿತ್ರಕ್ಕಿಂತ ದೊಡ್ಡದಾಗಿಬಿಡುತ್ತದೆ. ಇದನ್ನು ಕಣ್ಣಾರೆ ನೋಡಲೆಂದು ಕುಗ್ಗಿಸದ ಒಂದು ಹಾಳೆಯ ಮೇಲೆಯೂ ಎರಡು ಪದರ ಹಾಕಿದೆ. ಚಿತ್ರದ ಒಂದು ತುದಿಯನ್ನು ಸರಿಯಾಗಿ ಕೂಡಿಸಿದರೂ ಇನ್ನೊಂದು ತುದಿಯಲ್ಲಿದ್ದ ಹೂಜಿಯ ಬಾಯಿಗೆ ಎರಡು ಅಂಚುಗಳು ಬಂದವು, ಅವುಗಳ ನಡುವೆ ಸುಮಾರು 2 ಮಿ.ಮೀ. ಅಂತರವಿತ್ತು.

ಉಳಿದ ಹಾಳೆಗಳನ್ನು 60 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಮೂಲೆಗಳಿಗೆ ಕ್ಲಿಪ್ ಹಾಕಿ ನೇತುಹಾಕಿ ಒಣಗಿಸಿದೆ. ಉದ್ದದ ಬದಿ 350 ಮಿ.ಮೀ. ಇದ್ದದ್ದು 347.5ಕ್ಕೆ ಇಳಿಯಿತು. ಎರಡನೆಯ ಸಲ ನೆನೆಸಿ ಒಣಗಿಸಿದಾಗ 347 ಆಯಿತು, ಮೂರನೆಯ ಸಲ ಅಳತೆ ಬದಲಾಗಲಿಲ್ಲ. ಹೀಗಾಗಿ ಈ ಕಾಗದಕ್ಕೆ ಎರಡು ನೆನೆತ ಸಾಕು. ಬೇರೆ ಕಾಗದಕ್ಕೆ ಬೇರೆ ಲೆಕ್ಕ ಬರಬಹುದಾದ್ದರಿಂದ, ಅಳತೆ ನಿಲ್ಲುವವರೆಗೂ ನೆನೆಸಿ ಒಣಗಿಸುವುದೇ ಸರಿಯಾದ ಕ್ರಮ. ಪೆನ್ಸಿಲಿನಿಂದ ಹಾಳೆಯ ಹಿಂಬದಿಗೆ ಗುರುತು ಹಾಕಿಡುವುದನ್ನು ಮರೆಯಬಾರದು, ಏಕೆಂದರೆ ಒದ್ದೆಯಾದ ಮೇಲೆ ಹಿಂದು-ಮುಂದು ತಿಳಿಯುವುದಿಲ್ಲ.

3. ಜೆಲಾಟಿನ್ ಲೇಪ

ಬಣ್ಣದ ಕಣಗಳು ಕಾಗದದ ನಾರಿನೊಳಗೆ ಇಳಿದರೆ ಎಷ್ಟು ತೊಳೆದರೂ ಹೊರಬರುವುದಿಲ್ಲ. ಅದನ್ನು ತಡೆಯಲು ಕಾಗದಕ್ಕೆ ಮೊದಲು ಜೆಲಾಟಿನ್ ಕುಡಿಸಬೇಕು. 1 ಲೀಟರ್ ತಣ್ಣೀರಿಗೆ 30 ಗ್ರಾಂ ಜೆಲಾಟಿನ್ ಉದುರಿಸಿ ಅರ್ಧ ಗಂಟೆ ಉಬ್ಬಲು ಬಿಟ್ಟೆ, ಆಮೇಲೆ ಬಿಸಿನೀರಿನ ಪಾತ್ರೆಯೊಳಗಿಟ್ಟು 50 ಡಿಗ್ರಿಗೆ ತಂದೆ. ಇದನ್ನು ನೇರ ಉರಿಯ ಮೇಲೆ ಇಡಬಾರದು, ಕುದಿಸಲೂಬಾರದು. ಹೆಚ್ಚು ಕಾಯ್ದರೆ ಜೆಲಾಟಿನ್ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಳೆಯನ್ನು ಎರಡು ನಿಮಿಷ ಮುಳುಗಿಸಿ, ಹೊರತೆಗೆಯುವಾಗ ಟ್ರೇಯ ಅಂಚಿಗೆ ಒತ್ತಿ ಎಳೆದರೆ ಗುಳ್ಳೆಗಳು ಒಡೆದು ಹೆಚ್ಚಿನ ದ್ರವ ಇಳಿದುಹೋಗುತ್ತದೆ. ಒಂದು ಗುಳ್ಳೆ ಉಳಿದರೂ ಆ ಜಾಗದಲ್ಲಿ ಮುಂದೆ ಕರಿಯ ಚುಕ್ಕೆ ಬರುತ್ತದೆ.

ಒಣಗಿದ ಜೆಲಾಟಿನನ್ನು ಗಟ್ಟಿಗೊಳಿಸುವುದು ಮುಂದಿನ ಕೆಲಸ. 1 ಲೀಟರ್ ನೀರಿಗೆ 40 ಪ್ರತಿಶತದ ಗ್ಲೈಆಕ್ಸಾಲ್ 20 ಮಿ.ಲೀ. ಸೇರಿಸಿ, ಗಾಳಿಯಾಡುವ ಜಾಗದಲ್ಲಿ, ಹಾಳೆಗಳನ್ನು ಐದು ನಿಮಿಷ ಅದರಲ್ಲಿ ಅದ್ದಿ, ಹತ್ತು ನಿಮಿಷ ತೊಳೆದು ಒಣಗಿಸಿದೆ. ತೊಳೆಯದೆ ಹಾಗೇ ಒಣಗಿಸಿದರೆ ಕಾಗದ ಕ್ರಮೇಣ ಹಳದಿಯಾಗುತ್ತದೆ. ಗಟ್ಟಿಗೊಳಿಸದ ಜೆಲಾಟಿನ್ ಹಾಳೆಯ ಮೇಲೂ ಮುದ್ರಿಸಿ ನೋಡಿದ್ದೇನೆ. ಮೊದಲ ಪದರ ಚೊಕ್ಕವಾಗಿಯೇ ಬಂತು, ಆದರೆ ದೀರ್ಘಕಾಲ ನೀರಿನಲ್ಲಿದ್ದ ಜೆಲಾಟಿನ್ ಅಲ್ಲಲ್ಲಿ ಸಡಿಲವಾಗಿದ್ದರಿಂದ ಎರಡನೆಯ ಪದರದಲ್ಲಿ ಬಿಳಿಯ ಭಾಗಗಳೆಲ್ಲ ಬೂದಿಬಣ್ಣಕ್ಕೆ ತಿರುಗಿದವು. ಒಂದೇ ಪದರದಲ್ಲಿ ನಿಲ್ಲಿಸುವವರಿಗೆ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ.

4. ಗೋಂದು ಮತ್ತು ಡೈಕ್ರೋಮೇಟ್ ದ್ರಾವಣಗಳು

100 ಗ್ರಾಂ ಗಮ್ ಅರೇಬಿಕ್ ಹರಳುಗಳನ್ನು ತೆಳುಬಟ್ಟೆಯಲ್ಲಿ ಕಟ್ಟಿ, 280 ಮಿ.ಲೀ. ನೀರಿನ ಜಾಡಿಯಲ್ಲಿ ನೀರಿನ ಮೇಲ್ಭಾಗದಲ್ಲೇ ಇರುವಂತೆ ತೂಗುಬಿಟ್ಟರೆ, ಕರಗಿದ ಗೋಂದು ತಾನಾಗಿ ಕೆಳಗಿಳಿಯುತ್ತದೆ, ಕಲಕುವ ಅಗತ್ಯವೇ ಬೀಳುವುದಿಲ್ಲ. ಪೂರ್ತಿ ಕರಗಲು ಒಂದೆರಡು ದಿನ ಬೇಕು. ತೊಗಟೆಯ ಚೂರು, ಮರಳು ಎಲ್ಲವೂ ಬಟ್ಟೆಯಲ್ಲೇ ಉಳಿಯುತ್ತವೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟಾಗ 14 ಡಿಗ್ರಿ ಬೋಮೆ ತೋರಿಸಬೇಕು, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.107. ಹೆಚ್ಚಿದ್ದರೆ ನೀರು ಬೆರೆಸಿ ಹದಕ್ಕೆ ತರಬೇಕು. ಗೋಂದು ಬೇಗ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಚಿಟಿಕೆ ಥೈಮಾಲ್ ಹಾಕಿ ಕಂದುಬಣ್ಣದ ಬಾಟಲಿಯಲ್ಲಿ ತಂಪಾದ ಕಡೆ ಇಟ್ಟಿದ್ದೇನೆ.

ಡೈಕ್ರೋಮೇಟನ್ನು 10 ಪ್ರತಿಶತಕ್ಕೆ ಕರಗಿಸಿದೆ: 10 ಗ್ರಾಂ ಪುಡಿಗೆ ನೀರು ಸೇರಿಸಿ ಒಟ್ಟು 100 ಮಿ.ಲೀ. 20 ಡಿಗ್ರಿಯಲ್ಲಿ ನೀರು ಹಿಡಿಯುವುದೇ ಸುಮಾರು 12 ಗ್ರಾಂ. ತೀರ ಸಂತೃಪ್ತ ದ್ರಾವಣ ಮಾಡಿಟ್ಟರೆ ತಂಪು ಹೆಚ್ಚಿದ ದಿನ ತಳದಲ್ಲಿ ಕಿತ್ತಳೆ ಹರಳುಗಳು ಕೂರುತ್ತವೆ, ಆಗ ನಾವು ಅಳೆದು ಹಾಕುವ ದ್ರಾವಣದ ಬಲ ಎಷ್ಟೆಂದು ತಿಳಿಯುವುದಿಲ್ಲ. ಅಮೋನಿಯಂ ಡೈಕ್ರೋಮೇಟ್ ಇದಕ್ಕಿಂತ ಹೆಚ್ಚು ಕರಗುತ್ತದೆ, ಬೆಳಕಿಗೆ ಬೇಗ ಗಟ್ಟಿಯಾಗುತ್ತದೆ. ಆದರೆ ಅದು ಸುಲಭವಾಗಿ ಉರಿದುಹೋಗುವ ವಸ್ತುವಾದ್ದರಿಂದ ಅದನ್ನು ಇಟ್ಟುಕೊಳ್ಳದಿರಲು ನಿರ್ಧರಿಸಿದೆ. ಬೆಳಕಿಗೆ ಒಡ್ಡುವ ಹೊತ್ತು ಸ್ವಲ್ಪ ಹೆಚ್ಚಾದರೆ ತೊಂದರೆಯೇನಿಲ್ಲ.

5. ಬಣ್ಣದ ಕಲೆ ಪರೀಕ್ಷೆ

ಟ್ಯೂಬನ್ನು ಕೊಳ್ಳುವಾಗ ಹೆಸರಿಗಿಂತ ಅದರ ಮೇಲಿನ ವರ್ಣದ್ರವ್ಯದ ಸಂಕೇತ ನೋಡಬೇಕು. ಒಂದೇ ಸಂಕೇತವಿರುವ ಟ್ಯೂಬು ಉತ್ತಮ. ಎರಡು ಮೂರು ದ್ರವ್ಯಗಳ ಮಿಶ್ರಣವಾದರೆ ತೊಳೆಯುವಾಗ ಒಂದು ಹೋಗಿ ಇನ್ನೊಂದು ಉಳಿಯಬಹುದು. ದೀಪದ ಕಪ್ಪು (ಪಿಬಿಕೆ 6), ದಂತದ ಕಪ್ಪು (ಪಿಬಿಕೆ 9), ಸುಟ್ಟ ಅಂಬರ್ (ಪಿಬಿಆರ್ 7) ಈ ಮೂರನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ 5 ಮಿ.ಲೀ. ಗೋಂದಿಗೆ 0.2, 0.5 ಮತ್ತು 1 ಗ್ರಾಂ ಬಣ್ಣ ಸೇರಿಸಿ, ಗೋಂದಿನಷ್ಟೇ ಡೈಕ್ರೋಮೇಟ್ ದ್ರಾವಣ ಬೆರೆಸಿ, ಪಟ್ಟಿಗಳಾಗಿ ಬಳಿದೆ. ಬೆಳಕಿಗೆ ಒಡ್ಡದೆ, ಒಣಗಿದ ತಕ್ಷಣ ಕತ್ತಲಲ್ಲೇ ಅರ್ಧ ಗಂಟೆ ನೀರಿನಲ್ಲಿಟ್ಟೆ. ಸರಿಯಾದ ಮಿಶ್ರಣವಾದರೆ ಕಾಗದ ಮತ್ತೆ ಬಿಳಿಯಾಗಬೇಕು.

0.2 ಮತ್ತು 0.5 ಗ್ರಾಂನ ಪಟ್ಟಿಗಳು ಜೆಲಾಟಿನ್ ಕಾಗದದಿಂದ ಪೂರ್ತಿ ಹೋದವು. 1 ಗ್ರಾಂನಲ್ಲಿ ದಂತದ ಕಪ್ಪು ಮತ್ತು ಅಂಬರ್ ಹೋದರೂ ದೀಪದ ಕಪ್ಪು ಬೂದುಮಬ್ಬಾಗಿ ಉಳಿಯಿತು. ಅದರ ಕಣಗಳು ಬಹಳ ಸಣ್ಣವು. ಪಕ್ಕದಲ್ಲೇ ಜೆಲಾಟಿನ್ ಇಲ್ಲದ ಕಾಗದದ ತುಂಡಿಟ್ಟು ಮಾಡಿದ ಪರೀಕ್ಷೆಯಲ್ಲಿ 0.2 ಗ್ರಾಂ ದೀಪದ ಕಪ್ಪೇ ಕಲೆ ಬಿಟ್ಟಿತು. ಬಿಳಿ ಕೆಟ್ಟ ಹಾಳೆಯನ್ನು ನೋಡಿ ಬೆಳಕಿನ ಅವಧಿ ಕಡಿಮೆ ಮಾಡಲು ಹೊರಡುವ ಮೊದಲು ಈ ಪಟ್ಟಿಗಳನ್ನು ನೋಡಬೇಕು, ಏಕೆಂದರೆ ಕಲೆ ಕಾಗದದ್ದೋ ಬಣ್ಣದ್ದೋ ಬೆಳಕಿನದೋ ಎಂಬುದನ್ನು ಬೇರ್ಪಡಿಸಿ ಹೇಳುವುದು ಇದೊಂದೇ.

ಚಿತ್ರಕ್ಕೆ ದಂತದ ಕಪ್ಪಿಗೆ ಕಾಲುಭಾಗ ಸುಟ್ಟ ಅಂಬರ್ ಸೇರಿಸಿದ ಬೆಚ್ಚನೆಯ ಕಪ್ಪನ್ನು ಗೊತ್ತುಮಾಡಿಕೊಂಡೆ.

6. ಮೆಟ್ಟಿಲು ಪಟ್ಟಿಯಿಂದ ಬೆಳಕಿನ ಅಳತೆ

ತಿಳಿಯಿಂದ ಕಪ್ಪಿಗೆ ಹಂತಹಂತವಾಗಿ ಏರುವ, ಬೆಳಕು ದಾಟುವ 21 ಮೆಟ್ಟಿಲುಗಳ ಸಾಂದ್ರತಾ ಪಟ್ಟಿಯಲ್ಲಿ ಒಂದೊಂದು ಮೆಟ್ಟಿಲಿಗೂ ಸಾಂದ್ರತೆ (ಇಲ್ಲಿ ಬೆಳಕನ್ನು ತಡೆಯುವ ಅಳತೆ) 0.15 ಏರುತ್ತದೆ, ಆದ್ದರಿಂದ ಎರಡು ಮೆಟ್ಟಿಲು ಏರಿದರೆ ದಾಟಿಬರುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. 5 ಮಿ.ಲೀ. ಗೋಂದು, 0.5 ಗ್ರಾಂ ಬಣ್ಣ, 5 ಮಿ.ಲೀ. ಡೈಕ್ರೋಮೇಟಿನ ಮಿಶ್ರಣವನ್ನು ಬಳಿದು, ದೀಪದಿಂದ 20 ಸೆಂ.ಮೀ. ದೂರದಲ್ಲಿ 2, 4 ಮತ್ತು 8 ನಿಮಿಷಗಳ ಮೂರು ಪಟ್ಟಿ ಮಾಡಿದೆ.

4 ನಿಮಿಷದ ಪಟ್ಟಿಯಲ್ಲಿ ಮೊದಲ ಮೆಟ್ಟಿಲು ಗಾಢ ಕಪ್ಪು, ಆರನೆಯದು ಕಂಡೂ ಕಾಣದ ಛಾಯೆ, ಏಳನೆಯದು ಬರಿ ಕಾಗದ. 8 ನಿಮಿಷದಲ್ಲಿ ಎಂಟನೆಯ ಮೆಟ್ಟಿಲಿನವರೆಗೂ ಛಾಯೆ ಬಂತು, ಆದರೆ ಮೊದಲ ಮೂರು ಒಂದರಲ್ಲೊಂದು ಸೇರಿಹೋದವು. 2 ನಿಮಿಷದಲ್ಲಿ ನಾಲ್ಕನೆಯದಕ್ಕೇ ಮುಗಿಯಿತು, ಆದರೆ ಗಾಢ ಮೆಟ್ಟಿಲುಗಳ ನಡುವಿನ ಅಂತರ ಸ್ಪಷ್ಟವಾಗಿತ್ತು. ಅಂದರೆ ಈ ಮಿಶ್ರಣದ ಒಂದು ಪದರ ಹಿಡಿಯುವುದು ಆರು ಮೆಟ್ಟಿಲು, ಸಾಂದ್ರತೆಯ ಲೆಕ್ಕದಲ್ಲಿ 0.9. ಅವಧಿ ಹೆಚ್ಚು ಕಡಿಮೆ ಮಾಡಿದರೆ ಈ ಆರರ ಗುಂಪು ಮೇಲೆ ಕೆಳಗೆ ಸರಿಯುತ್ತದೆಯೇ ಹೊರತು ಹಿಗ್ಗುವುದಿಲ್ಲ. ಮುಂದಿನ ಎಲ್ಲ ತೀರ್ಮಾನಗಳಿಗೂ ಈ ಮೂರು ಪಟ್ಟಿಗಳೇ ಆಧಾರವಾದವು. ಅವುಗಳನ್ನು ಒಣಗಿಸಿ ಗೋಡೆಗೆ ಅಂಟಿಸಿಕೊಂಡಿದ್ದೇನೆ.

7. ನೆಗೆಟಿವ್

ಕಂಪ್ಯೂಟರಿನಲ್ಲಿ ಚಿತ್ರವನ್ನು ವಿಲೋಮಗೊಳಿಸಿ, ಎಡಬಲ ತಿರುಗಿಸಿ, ಇಂಕ್‌ಜೆಟ್ ಮುದ್ರಕದಲ್ಲಿ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದೆ. ಎಡಬಲ ತಿರುಗಿಸುವುದರಿಂದ ಶಾಯಿಯ ಮೈ ಕಾಗದಕ್ಕೆ ನೇರವಾಗಿ ತಾಗುತ್ತದೆ, ಅಂಚುಗಳು ಚೂಪಾಗಿ ಬರುತ್ತವೆ. ಕಣ್ಣಿಗೆ ಕಪ್ಪಾಗಿ ಕಾಣುವ ಶಾಯಿ ಅತಿನೇರಳೆ ಬೆಳಕನ್ನು ಅಷ್ಟೇ ತಡೆಯುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಬೂದುಛಾಯೆಗಳ ಚೌಕಗಳನ್ನು ಅದೇ ಹಾಳೆಯ ಮೇಲೆ ಮುದ್ರಿಸಿ, ಮೆಟ್ಟಿಲು ಪಟ್ಟಿಯ ಪಕ್ಕದಲ್ಲಿಟ್ಟು ಒಟ್ಟಿಗೆ ಬೆಳಕಿಗೊಡ್ಡಿ, ಯಾವ ಚೌಕ ಯಾವ ಮೆಟ್ಟಿಲಿಗೆ ಸಮ ಎಂದು ಗೋಂದಿನ ಮುದ್ರಣದಲ್ಲೇ ಓದಿಕೊಂಡೆ. ಮೂರು ಪದರಗಳ ಲೆಕ್ಕಕ್ಕೆ ನೆಗೆಟಿವಿನ ಒಟ್ಟು ವ್ಯಾಪ್ತಿಯನ್ನು 1.1ರ ಆಸುಪಾಸಿಗೆ ತಂದುಕೊಂಡೆ.

8. ಒಂದೇ ಪದರದಲ್ಲಿ ಮಾಡಿದ ಪ್ರಯತ್ನಗಳು

ಒಂದೇ ಪದರದಿಂದ ಪೂರ್ತಿ ಚಿತ್ರ ತೆಗೆಯಬಹುದೇ ಎಂದು ಎರಡು ರೀತಿಯಲ್ಲಿ ಪ್ರಯತ್ನಿಸಿದ್ದು, ಎರಡೂ ಕೆಟ್ಟ ಬಗೆಯನ್ನು ವಿವರವಾಗಿ ಬರೆಯುವುದು ಉಪಯುಕ್ತ.

ಮೊದಲನೆಯದರಲ್ಲಿ ಗಾಢ ಕಪ್ಪು ಬೇಕೆಂದು 5 ಮಿ.ಲೀ. ಗೋಂದಿಗೆ 1.2 ಗ್ರಾಂ ಬಣ್ಣ ಹಾಕಿ ದಪ್ಪವಾಗಿ ಬಳಿದೆ. ಫ್ರೇಮಿನಿಂದ ತೆಗೆದಾಗ ಎಲ್ಲವೂ ಸರಿಯಿದ್ದಂತೆಯೇ ಕಂಡಿತು. ಹಾಳೆಯನ್ನು ಮುಖ ಕೆಳಗಾಗಿ ನೀರಿನ ಮೇಲೆ ತೇಲಿಬಿಟ್ಟ ಸುಮಾರು ಹತ್ತು ನಿಮಿಷಕ್ಕೆ ಬಣ್ಣದ ಮೋಡಗಳ ಜೊತೆಗೆ ಉಗುರಿನಗಲದ ಹಕ್ಕಳೆಗಳು ನೀರಿಗೆ ಬಿದ್ದವು. ಎತ್ತಿ ನೋಡಿದರೆ ಹೂಜಿಯ ಹೊಟ್ಟೆಯ ನಡುಛಾಯೆಯೇ ಇರಲಿಲ್ಲ. ಅಲ್ಲಿ ಬೋಳು ಕಾಗದ, ಅದರ ಸುತ್ತ ಹರಿದ ಅಂಚು. ಬೆಳಕು ಮೇಲಿನಿಂದ ಕೆಳಕ್ಕೆ ಗೋಂದನ್ನು ಗಟ್ಟಿಮಾಡುತ್ತಾ ಹೋಗುತ್ತದೆ. ಪದರ ದಪ್ಪವಾಗಿ ಬಣ್ಣ ದಟ್ಟವಾಗಿದ್ದರೆ ನಡುಛಾಯೆಗಳಲ್ಲಿ ಮೇಲಿನ ಸಿಪ್ಪೆ ಮಾತ್ರ ಗಟ್ಟಿಯಾಗಿ, ಅದರಡಿಯ ಮೆತ್ತನೆಯ ಗೋಂದು ಕರಗಿದ ಕೂಡಲೇ ಸಿಪ್ಪೆಯೂ ಕಳಚಿಕೊಳ್ಳುತ್ತದೆ. ಅವಧಿಯನ್ನು ಮೂರು ಪಟ್ಟು ಮಾಡಿದ ಮುಂದಿನ ಹಾಳೆಯಲ್ಲಿ ಹಕ್ಕಳೆ ಏಳಲಿಲ್ಲ, ಆದರೆ ಬಟ್ಟೆಯ ಮಡಿಕೆಗಳೆಲ್ಲ ಒಂದೇ ಕಪ್ಪು ಮುದ್ದೆಯಾದವು.

ಎರಡನೆಯ ರೀತಿಯಲ್ಲಿ ಪದರವನ್ನು ತೆಳುವಾಗಿಸಿ 0.3 ಗ್ರಾಂ ಬಣ್ಣಕ್ಕೆ ಇಳಿದೆ. ಹೂಜಿಯ ಭುಜದ ಹೊಳಪಿನ ಸುತ್ತಲಿನ ನವಿರಾದ ಛಾಯೆಗಳು ಮೊದಲ ಬಾರಿಗೆ ಬಂದವು. ಆದರೆ ಅತ್ಯಂತ ಕಪ್ಪಾದ ಜಾಗವೂ ಪೆನ್ಸಿಲಿನ ಬೂದುಬಣ್ಣವನ್ನು ದಾಟಲಿಲ್ಲ.

ಈ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ದಾರಿ ಕಂಡಿತು. ತೆಳುಪದರಕ್ಕೆ ಬರುವುದನ್ನು ದಪ್ಪ ಪದರ ಕೊಡಲಾರದು, ದಟ್ಟ ಬಣ್ಣಕ್ಕೆ ಬರುವುದನ್ನು ತಿಳಿಬಣ್ಣ ಕೊಡಲಾರದು. ಒಂದೊಂದು ಪದರಕ್ಕೂ ಚಿತ್ರದ ಒಂದು ಪಾಲನ್ನು ಮಾತ್ರ ಒಪ್ಪಿಸಿ, ಮೂರನ್ನೂ ತೆಳುವಾಗಿಯೇ ಬಳಿಯಬೇಕು. ಗಾಢ ಕಪ್ಪೂ ದಪ್ಪ ಲೇಪದಿಂದ ಬರುವುದಲ್ಲ, ಮೂರು ತೆಳುಲೇಪಗಳು ಒಂದರ ಮೇಲೊಂದು ಕೂತಾಗ ಬರುವುದು.

9. ಬಳಿಯುವ ಕ್ರಮ

20×25 ಸೆಂ.ಮೀ. ಜಾಗಕ್ಕೆ 2.5 ಮಿ.ಲೀ. ಗೋಂದು ಮತ್ತು 2.5 ಮಿ.ಲೀ. ಡೈಕ್ರೋಮೇಟ್ ಧಾರಾಳ. ಬಣ್ಣವನ್ನು ಮೊದಲು ಗೋಂದಿನ ಜೊತೆ ನುಣ್ಣಗೆ ಅರೆದುಕೊಂಡು, ಬಳಿಯುವ ಮುಂಚೆ ಮಾತ್ರ ಡೈಕ್ರೋಮೇಟ್ ಸೇರಿಸಬೇಕು. ಮಂದವಾದ ಹಳದಿ ದೀಪದಲ್ಲಿ ಕೆಲಸ ಮಾಡಬಹುದು, ಒದ್ದೆಯಿರುವಾಗ ಮಿಶ್ರಣಕ್ಕೆ ಬೆಳಕಿನ ಸೂಕ್ಷ್ಮತೆ ಕಡಿಮೆ.

ಒಂದು ಬ್ರಶ್‌ನಿಂದ ಅಡ್ಡಕ್ಕೂ ಉದ್ದಕ್ಕೂ ಬೇಗ ಬೇಗ ಹರಡಿ, ಇನ್ನೊಂದು ಒಣ ಬ್ರಶ್‌ನ ತುದಿಯಿಂದ ಮಾತ್ರ ಸವರುತ್ತಾ ಸಮಮಾಡಬೇಕು. ಮೊದಲು ಬ್ರಶ್ ಸಲೀಸಾಗಿ ಜಾರುತ್ತದೆ. ಅರ್ಧ ಮುಕ್ಕಾಲು ನಿಮಿಷಕ್ಕೆ ಅದು ಸಣ್ಣದಾಗಿ ತಡೆಯಲು ಶುರುಮಾಡುತ್ತದೆ, ಲೇಪದ ಹೊಳಪು ಒಂದು ಮೂಲೆಯಿಂದ ಮಂಕಾಗುತ್ತಾ ಬರುತ್ತದೆ. ಆ ಕ್ಷಣಕ್ಕೆ ಕೈ ಎತ್ತಿಬಿಡಬೇಕು. ಅದರ ಮೇಲೂ ಒಂದು ಎಳೆತ ಎಳೆದರೆ ಬ್ರಶ್‌ನ ಗೀರುಗಳು ಹಾಗೆಯೇ ನಿಂತು, ತೊಳೆದ ಮೇಲೆ ಚಿತ್ರದಲ್ಲೂ ಎದ್ದು ಕಾಣುತ್ತವೆ. ತಣ್ಣನೆಯ ಗಾಳಿಯಲ್ಲಿ, ಕತ್ತಲಲ್ಲಿ ಒಣಗಿಸಬೇಕು. ಹೇರ್ ಡ್ರೈಯರಿನ ಬಿಸಿಗಾಳಿಗೆ ಹಿಡಿದ ಒಂದು ಹಾಳೆ ಬೆಳಕು ಕಾಣದ ಅಂಚಿನಲ್ಲೂ ಬಣ್ಣ ಹಿಡಿದುಕೊಂಡಿತು, ಶಾಖಕ್ಕೇ ಗೋಂದು ಅಷ್ಟು ಗಟ್ಟಿಯಾಗಿತ್ತು. ಬಳಿದ ಹಾಳೆಯನ್ನು ಮರುದಿನಕ್ಕೆ ಉಳಿಸಬಾರದು. ಕತ್ತಲಲ್ಲಿಟ್ಟರೂ ಅದು ನಿಧಾನವಾಗಿ ಗಟ್ಟಿಯಾಗುತ್ತಲೇ ಇರುತ್ತದೆ.

10. ಮೂರು ಪದರಗಳು

ಮೊದಲ ಪದರ ಬೆಳಕಿನ ಭಾಗಗಳಿಗಾಗಿ: 5 ಮಿ.ಲೀ. ಗೋಂದಿಗೆ 0.15 ಗ್ರಾಂ ಬಣ್ಣದ ಪ್ರಮಾಣ, 8 ನಿಮಿಷ ಬೆಳಕು. ಫ್ರೇಮ್ ಬಿಚ್ಚಿದಾಗ ಹಳದಿ ನೆಲದ ಮೇಲೆ ಕಂದುಬಣ್ಣದ ಮಸುಕು ಚಿತ್ರ ಕಾಣುತ್ತದೆ. 21 ಡಿಗ್ರಿಯ ನೀರಿನಲ್ಲಿ ಮುಖ ಕೆಳಗಾಗಿ ತೇಲಿಸಿ, ಎರಡು ನಿಮಿಷಕ್ಕೆ ಕಿತ್ತಳೆಯಾದ ನೀರನ್ನು ಕಸದ ಜಾಡಿಗೆ ಸುರಿದು, ಹೊಸ ನೀರಿನಲ್ಲಿ ಹತ್ತು, ಇನ್ನೊಂದರಲ್ಲಿ ಇಪ್ಪತ್ತು ನಿಮಿಷ ಬಿಟ್ಟೆ. ಕೈ ಆಡಿಸಲಿಲ್ಲ, ಬ್ರಶ್ ಮುಟ್ಟಿಸಲಿಲ್ಲ. ಒದ್ದೆಯಿರುವಾಗ ಬೆರಳು ತಾಗಿದರೂ ಚಿತ್ರ ಕಿತ್ತುಬರುತ್ತದೆ, ಒಣಗಿದ ಮೇಲೆ ಅದು ಗಟ್ಟಿ. ಈ ಹಂತದಲ್ಲಿ ಚಿತ್ರ ಬಹಳ ಪೇಲವವಾಗಿ, ನೆರಳುಗಳೆಲ್ಲ ಒಂದೇ ಮಟ್ಟದಲ್ಲಿ ಇದ್ದವು. ಹೊಳಪಿನ ಅಂಚು ಮಾತ್ರ ಸುಂದರವಾಗಿತ್ತು, ಬೇಕಾದದ್ದೂ ಅಷ್ಟೇ.

ಎರಡನೆಯ ಪದರ ನಡುಛಾಯೆಗಳಿಗಾಗಿ: 0.35 ಗ್ರಾಂ, 4 ನಿಮಿಷ. ಹೂಜಿಗೆ ಮೈ ತುಂಬಿಬಂದದ್ದು ಇದರಲ್ಲಿ.

ಮೂರನೆಯದು ನೆರಳುಗಳಿಗಾಗಿ: 0.6 ಗ್ರಾಂ, 2 ನಿಮಿಷ. ಅವಧಿ ಕಡಿಮೆಯಾದ್ದರಿಂದ ನೆಗೆಟಿವಿನ ತೀರ ತಿಳಿಯಾದ ಭಾಗಗಳಲ್ಲಿ ಮಾತ್ರ ಬಣ್ಣ ನಿಲ್ಲುತ್ತದೆ, ಉಳಿದೆಡೆ ತೊಳೆದುಹೋಗಿ ಕೆಳಗಿನ ಎರಡು ಪದರಗಳು ಹಾಗೆಯೇ ಕಾಣುತ್ತವೆ. ಇದೇ ಪದರವನ್ನು ಇನ್ನೊಂದು ಹಾಳೆಯಲ್ಲಿ 3 ನಿಮಿಷ ಒಡ್ಡಿದಾಗ ನಡುಛಾಯೆಗಳ ಮೇಲೂ ಬಣ್ಣ ಕೂತು ಚಿತ್ರ ಮಂಕಾಯಿತು. ಅಂಥ ಸಂದರ್ಭದಲ್ಲಿ ನೀರನ್ನು 35 ಡಿಗ್ರಿಗೆ ಏರಿಸಿದರೆ ಮೇಲಿನ ಪದರವನ್ನು ಕೊಂಚ ಹಿಂದಕ್ಕೆ ತರಬಹುದು. ಒಣಗಿ ಗಟ್ಟಿಯಾದ ಕೆಳಗಿನ ಪದರಗಳಿಗೆ ಧಕ್ಕೆಯಾಗಲಿಲ್ಲ. ಆದರೂ ಆ ಹಾಳೆಯ ನೆರಳುಗಳಲ್ಲಿ ಸಣ್ಣ ಸಣ್ಣ ತೂತುಗಳಾದವು, ಹಾಗಾಗಿ ಅವಧಿಯನ್ನೇ ಸರಿಮಾಡಿಕೊಳ್ಳುವುದು ಮೇಲು.

ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಅದೇ 4 ನಿಮಿಷಕ್ಕೆ ಒಂದು ಮೆಟ್ಟಿಲು ಹೆಚ್ಚು ಬಂತು. ಅಂದಿನಿಂದ ಪ್ರತಿ ಹಾಳೆಯ ಅಂಚಿನಲ್ಲೂ ಮೆಟ್ಟಿಲು ಪಟ್ಟಿಯ ಒಂದು ತುಂಡನ್ನು ಚಿತ್ರದ ಜೊತೆಗೇ ಮುದ್ರಿಸುತ್ತಿದ್ದೇನೆ.

11. ಪದರಗಳನ್ನು ಕೂಡಿಸುವುದು

ನೆಗೆಟಿವಿನ ನಾಲ್ಕು ಮೂಲೆಗಳಲ್ಲಿ, ಚಿತ್ರದ ಹೊರಗೆ, ಸಣ್ಣ ಕೂಡುಗೆರೆಗಳನ್ನು ಮುದ್ರಿಸಿದ್ದೆ. ಮೊದಲ ಪದರಕ್ಕೆ ಮುಂಚೆ ಆ ಗೆರೆಗಳ ನಡುವೆ ತೆಳುವಾದ ಸೂಜಿ ಚುಚ್ಚಿ ಕಾಗದದಲ್ಲಿ ರಂಧ್ರ ಮಾಡಿಕೊಂಡೆ. ಮುಂದಿನ ಪದರಗಳಿಗೆ ಎದುರು ಮೂಲೆಗಳ ಎರಡು ರಂಧ್ರಗಳಿಗೆ ಸೂಜಿ ನಿಲ್ಲಿಸಿ, ನೆಗೆಟಿವನ್ನು ಅದರ ಮೇಲೆ ಇಳಿಸಿ, ಟೇಪು ಅಂಟಿಸಿ, ಸೂಜಿ ತೆಗೆದರಾಯಿತು. ಪೆನ್ಸಿಲ್ ಗೆರೆಗಳನ್ನು ನಂಬಿದ ಹಾಳೆಯಲ್ಲಿ ಲೇಪದಡಿ ಗೆರೆ ಮುಚ್ಚಿಹೋಗಿ ಅಂದಾಜಿನಲ್ಲಿ ಇಡಬೇಕಾಯಿತು. ರಂಧ್ರಕ್ಕೆ ಆ ತೊಂದರೆಯಿಲ್ಲ.

ಕುಗ್ಗಿಸಿದ ಕಾಗದವೂ ಅರೆತೇವದಲ್ಲಿ ಅರ್ಧ ಮಿ.ಮೀ. ಹಿಗ್ಗಿರುತ್ತದೆ. ಪ್ರತಿ ತೊಳೆತದ ನಂತರ ಒಂದು ರಾತ್ರಿ ನೇತುಹಾಕಿ, ಉದ್ದದ ಬದಿ ಮತ್ತೆ 347 ಮಿ.ಮೀ.ಗೆ ಬಂದಿದೆಯೆಂದು ಅಳೆದು ನೋಡಿಯೇ ಮುಂದಿನ ಲೇಪಕ್ಕೆ ಕೈಹಾಕಿದೆ. ಮುಗಿದ ಚಿತ್ರದಲ್ಲಿ ಹೂಜಿಯ ಬಾಯಿಯ ಗೆರೆ ಭೂತಗನ್ನಡಿಯಲ್ಲೂ ಒಂದೇ ಆಗಿ ಕಾಣುತ್ತದೆ.

12. ಕೊನೆಯ ತೊಳೆತ ಮತ್ತು ಉಳಿದ ದ್ರಾವಣ

ಮೂರೂ ಪದರ ಮುಗಿದು ಪೂರ್ತಿ ಒಣಗಿದ ಮೇಲೆ ಬಿಳಿಯ ಭಾಗಗಳಲ್ಲಿ ನಸುಗಂದು ಛಾಯೆ ಉಳಿದಿತ್ತು. ಅದು ಕ್ರೋಮಿಯಂನದು, ಬಣ್ಣದ್ದಲ್ಲ. 1 ಪ್ರತಿಶತ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಐದು ನಿಮಿಷ ಇಟ್ಟು, ಅರ್ಧ ಗಂಟೆ ನಿಧಾನವಾಗಿ ಹರಿಯುವ ನೀರಿನಲ್ಲಿ ತೊಳೆದಾಗ ಕಾಗದದ ಬಿಳಿ ಮರಳಿತು. ಕಿಟಕಿ ತೆರೆದಿಟ್ಟೇ ಇದನ್ನು ಮಾಡಬೇಕು, ದ್ರಾವಣದಿಂದ ಏಳುವ ಗಂಧಕದ ಘಾಟು ಉಸಿರಿಗೆ ಒಳ್ಳೆಯದಲ್ಲ. ಈ ದ್ರಾವಣ ಗೋಂದನ್ನು ಸ್ವಲ್ಪ ಮೆತ್ತಗಾಗಿಸುವುದರಿಂದ ಹಾಳೆಯನ್ನು ಪ್ಲಾಸ್ಟಿಕ್ ಹಲಗೆಯ ಮೇಲಿಟ್ಟುಕೊಂಡೇ ಎತ್ತಬೇಕು.

ಮಿಕ್ಕ ಮಿಶ್ರಣ, ಬ್ರಶ್ ತೊಳೆದ ನೀರು, ಪ್ರತಿ ಪದರದ ಮೊದಲ ತೊಳೆತಗಳ ಕಿತ್ತಳೆ ನೀರು, ಕೊನೆಯ ಮೆಟಾಬೈಸಲ್ಫೈಟ್ ದ್ರಾವಣ, ಇವಿಷ್ಟನ್ನೂ ಮುಚ್ಚಳವಿರುವ ಜಾಡಿಯಲ್ಲಿ ಕೂಡಿಡುತ್ತಿದ್ದೇನೆ. ಅದಕ್ಕೆ ಆಸ್ಕಾರ್ಬಿಕ್ ಆಮ್ಲ ಸೇರಿಸಿದರೆ ಕಿತ್ತಳೆ ಬಣ್ಣ ಹೋಗಿ ಮಂದ ಹಸಿರಾಗುತ್ತದೆ, ಅಂದರೆ ಆರು ವೇಲೆನ್ಸಿಯ ಕ್ರೋಮಿಯಂ ಕಡಿಮೆ ವಿಷದ ಮೂರು ವೇಲೆನ್ಸಿಗೆ ಇಳಿಯುತ್ತದೆ. ಹಸಿರಾದ ಮಾತ್ರಕ್ಕೆ ಅದನ್ನು ಚರಂಡಿಗೆ ಸುರಿಯುವಂತಿಲ್ಲ; ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವವರಿಗೇ ಒಪ್ಪಿಸಬೇಕು. ಒರೆಸಿದ ಬಟ್ಟೆ ಮತ್ತು ಕೈಗವಸುಗಳೂ ಅದೇ ಜಾಡಿಯ ಪಕ್ಕದ ಬೇರೆ ಡಬ್ಬಿಯಲ್ಲಿ ಸೇರಿವೆ.